ಕಡಲತಡಿಯ ಟ್ರೇಲ್‌ನಲ್ಲಿ ಗೆಳೆಯರ ಜೊತೆ ಇಡೀ ರಾತ್ರಿ ಓಟ: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಹಗಲಲ್ಲಿ 50 ಕಿಲೋಮೀಟರ್ ಆರಾಮಾಗಿ ಓಡುವ ಗುಂಪುಗಳೂ ರಾತ್ರಿ ಕಡಲತಡಿಗೆ ಇಳಿದಾಗ ಅರ್ಧದಲ್ಲೇ ಕೈಚೆಲ್ಲುತ್ತವೆ. ಕಾಲಲ್ಲಿ ಕಸುವಿಲ್ಲದೆ ಅಲ್ಲ. ಎಲ್ಲರಿಗೂ ರಜೆ ಇರುವ ದಿನ ನೋಡಿ ತಾರೀಕು ಗೊತ್ತುಮಾಡುತ್ತಾರೆ. ಊಟ ಮುಗಿಸಿ ಹೊರಡುತ್ತಾರೆ. ನಡುರಾತ್ರಿ ಬಂಡೆಗಳ ಬುಡಕ್ಕೆ ಬಂದಾಗ ಅಲ್ಲಿ ದಾರಿ ಇರುವುದಿಲ್ಲ, ನೀರಿರುತ್ತದೆ. ಅಷ್ಟೊತ್ತಿಗೆ ಮುಂದೆ ಓಡಿದ ಇಬ್ಬರು ಎಲ್ಲಿದ್ದಾರೋ ಗೊತ್ತಿಲ್ಲ, ಹಿಂದಿರುವವರ ದೀಪ ಮಂಕಾಗಿದೆ.

ಆದ್ದರಿಂದ ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಕಡಲು ಮೊದಲು, ದಾರಿ ಆಮೇಲೆ, ಅದರ ನಂತರ ಗುಂಪು, ಕೊನೆಗೆ ಸಾಮಾನು. ಬಹಳ ಜನ ಶೂ ಕೊಳ್ಳುವುದರಿಂದ ಶುರು ಮಾಡುತ್ತಾರೆ. ಶೂ ಈ ಓಟದ ಅತ್ಯಂತ ಸುಲಭದ ಭಾಗ.

ಗುಂಪಿನ ಪ್ರತಿಯೊಬ್ಬರೂ ಹಗಲಲ್ಲಿ 30 ಕಿ.ಮೀ. ಟ್ರೇಲ್ (ಡಾಂಬರಿಲ್ಲದ ಕಾಲುದಾರಿ) ಓಡಿ ಅಭ್ಯಾಸವಿರುವವರು, ಈಗ ರಾತ್ರಿಯಲ್ಲಿ 40ರಿಂದ 60 ಕಿ.ಮೀ. ಓಡಲು ಹೊರಟಿದ್ದಾರೆ ಎಂದುಕೊಂಡು ಬರೆದಿದ್ದೇನೆ. ಅಷ್ಟು ಓಡಿ ಅಭ್ಯಾಸ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಕೊಳ್ಳಿ.

1. ಉಬ್ಬರ-ಇಳಿತ ನೋಡಿ ತಾರೀಕು ಆರಿಸಿ

ಬಹುತೇಕ ಕಡಲತಡಿಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ ಇರುವುದೂ ಉಂಟು. ನಿಮ್ಮ ದಾರಿಗೆ ಹತ್ತಿರದ ಬಂದರಿನ ಉಬ್ಬರವಿಳಿತದ ಪಟ್ಟಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುವ ದೇಶವಾದರೆ, ಪಟ್ಟಿಯಲ್ಲಿ ಆ ಒಂದು ಗಂಟೆ ಸೇರಿದೆಯೋ ಇಲ್ಲವೋ ನೋಡಿ. ಇಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ಒಂದು ಗಂಟೆ ತಪ್ಪು.

ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವುಗಳ ನಂತರದ ಒಂದೆರಡು ದಿನ ಉಬ್ಬರ ಜಾಸ್ತಿ ಏರುತ್ತದೆ, ಇಳಿತವೂ ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಬೆಳದಿಂಗಳು ಸಿಗುತ್ತದೆ ಅಂತ ಎಲ್ಲರೂ ಹುಣ್ಣಿಮೆಗೆ ಹೊರಡುತ್ತಾರೆ. ಅದು ಸರಿಯೂ ಆಗಬಹುದು, ಪೂರ್ತಿ ತಪ್ಪೂ ಆಗಬಹುದು. ಇದಕ್ಕೆ ಒಂದು ಗುಟ್ಟಿದೆ: ದಿನಕ್ಕೆ ಎರಡು ಉಬ್ಬರ ಬರುವ ಕಡಲತಡಿಯಲ್ಲಿ, ಒಂದೇ ಜಾಗದಲ್ಲಿ ಹುಣ್ಣಿಮೆಯ ಇಳಿತ ಪ್ರತಿ ತಿಂಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ನಿಮ್ಮ ತೀರದಲ್ಲಿ ಆ ಹೊತ್ತು ನಡುರಾತ್ರಿಯಿಂದ ಮೂರರ ನಡುವೆ ಬಿದ್ದರೆ ಅದೃಷ್ಟ. ಬೆಳಕೂ ಇರುತ್ತದೆ, ದಂಡೆಯೂ ಅಗಲವಾಗಿರುತ್ತದೆ. ಸಂಜೆ ಆರಕ್ಕೆ ಇಳಿತ ಅಂತಾದರೆ ನಡುರಾತ್ರಿಗೆ ತುಂಬು ಉಬ್ಬರ, ಅದೂ ಹುಣ್ಣಿಮೆಯ ದೊಡ್ಡ ಉಬ್ಬರ. ಅಂಥ ತೀರಕ್ಕೆ ಅಷ್ಟಮಿಯೇ ಸರಿ.

ಅಷ್ಟಮಿಯಲ್ಲೂ ಒಂದು ಆಯ್ಕೆ ಇದೆ. ಶುಕ್ಲ ಪಕ್ಷದ ಅಷ್ಟಮಿ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ. ಕೃಷ್ಣ ಪಕ್ಷದ್ದು ಆ ಹೊತ್ತಿಗೆ ಹುಟ್ಟುತ್ತಾನೆ. ನಿದ್ದೆ ಎಳೆಯುವ ಗಂಟೆಗಳಲ್ಲಿ ಬೆಳಕು ಬೇಕಲ್ವಾ? ಹಾಗಾದರೆ ಎರಡನೆಯದನ್ನು ಆರಿಸಿ.

ಪಟ್ಟಿಯಲ್ಲಿರುವುದು ಬರೀ ಲೆಕ್ಕದ ನೀರು. ಕಡಲಿನಿಂದ ದಡದ ಕಡೆಗೆ ಗಾಳಿ ಬೀಸುತ್ತಿದ್ದರೆ ನೀರು ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಮೇಲಿರುತ್ತದೆ. ವಾಯುಭಾರ ಕುಸಿದರೂ ಅಷ್ಟೇ: ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು 1 ಸೆಂಟಿಮೀಟರ್ ಏರುತ್ತದೆ. ಅಲೆಯ ಎತ್ತರ ಇದರಲ್ಲಿ ಸೇರಿಲ್ಲ, ಅದನ್ನು ಬೇರೆಯಾಗಿ ನೋಡಬೇಕು. ದೊಡ್ಡ ಅಲೆ, ಗುಡುಗು ಅಥವಾ ಬಿರುಗಾಳಿಯ ಮುನ್ಸೂಚನೆ ಇದ್ದರೆ ತಾರೀಕು ಬದಲಿಸಿ. ಇದರಲ್ಲಿ ಚೌಕಾಸಿ ಬೇಡ.

2. ಹೊರಡುವ ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕಿ

ದಾರಿಯಲ್ಲಿ ನೀರು ಏರಿದರೆ ಮುಚ್ಚಿಹೋಗುವ ಜಾಗ ಯಾವುದು? ಬಂಡೆಗೋಡೆಯ ಬುಡದ ದಂಡೆ, ಅಳಿವೆ, ಭೂಶಿರದ ಸುತ್ತಿನ ಕಲ್ಲುಹಾಸು, ಹೀಗೆ ಒಂದೋ ಎರಡೋ ಇರುತ್ತವೆ. ಅವನ್ನು ಗುರುತು ಮಾಡಿ. ಇಡೀ ರಾತ್ರಿಯ ವೇಳಾಪಟ್ಟಿ ಆ ಜಾಗದಿಂದ ಹಿಂದಕ್ಕೆ ಹುಟ್ಟಬೇಕು.

ಒಂದು ಉದಾಹರಣೆ. ದಾರಿ 50 ಕಿ.ಮೀ. 30ನೇ ಕಿ.ಮೀ.ನಲ್ಲಿ ಬಂಡೆಗೋಡೆಯ ಕೆಳಗೆ 2 ಕಿ.ಮೀ. ದಂಡೆ. ಆ ರಾತ್ರಿ ಇಳಿತ 2:40ಕ್ಕೆ. ನೀವು ಅಲ್ಲಿಗೆ 2:40ಕ್ಕೆ ತಲುಪಬಾರದು, 1:40ಕ್ಕೆ ತಲುಪಬೇಕು. ಆಗ ನೀರು ಇನ್ನೂ ಇಳಿಯುತ್ತಿರುತ್ತದೆ. ಯಾರಿಗಾದರೂ ಕಾಲು ಹಿಡಿದುಕೊಂಡು ಹತ್ತು ನಿಮಿಷ ನಿಂತರೆ ದಾರಿ ಇನ್ನಷ್ಟು ಅಗಲವಾಗುತ್ತದೆ, ಕಿರಿದಾಗುವುದಿಲ್ಲ. ನಿಲ್ಲುವ ಹೊತ್ತನ್ನೂ ಸೇರಿಸಿ ಗುಂಪಿನ ವೇಗ ಗಂಟೆಗೆ 6 ಕಿ.ಮೀ. ಅಂದರೆ 30 ಕಿ.ಮೀ.ಗೆ ಐದು ಗಂಟೆ. ಅಲ್ಲಿಗೆ 8:40. ಕೈಯಲ್ಲಿ ಮುಕ್ಕಾಲು ಗಂಟೆ ಇಟ್ಟುಕೊಂಡರೆ ರಾತ್ರಿ 7:55ಕ್ಕೆ ಹೊರಡಬೇಕು. ಬೇಗ ತಲುಪಿದರೆ ಮೇಲೆ ಕೂತು ಏನಾದರೂ ತಿನ್ನಿ.

ಇದರ ಜೊತೆ ಬಾಗಿಲು ಮುಚ್ಚುವ ಹೊತ್ತನ್ನೂ ಬರೆದಿಡಿ. ಈ ಉದಾಹರಣೆಯಲ್ಲಿ ಅದು 3:15. ಆಮೇಲೆ ಒಂದು ನಿಮಿಷ ತಡವಾದರೂ ಕೆಳಗೆ ಇಳಿಯುವಂತಿಲ್ಲ, ಮೇಲಿನ ಬಳಸು ದಾರಿಯೇ ಗತಿ. ಈ ತೀರ್ಮಾನ ಮನೆಯಲ್ಲೇ ಆಗಿರಬೇಕು. ಸುಸ್ತಾದ ಆರು ಜನ ಕತ್ತಲಲ್ಲಿ ನಿಂತು ಚರ್ಚೆ ಮಾಡಿದರೆ "ಇನ್ನೇನು ಎರಡೇ ಕಿಲೋಮೀಟರ್" ಅನ್ನುವವರೇ ಯಾವಾಗಲೂ ಗೆಲ್ಲುತ್ತಾರೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಇಳಿತದಿಂದ ಉಬ್ಬರದ ಆರು ಗಂಟೆಯನ್ನು ಹನ್ನೆರಡನೇ ಭಾಗಗಳಲ್ಲಿ ಎಣಿಸುತ್ತಾರೆ: ಮೊದಲ ಗಂಟೆ 1 ಭಾಗ, ಆಮೇಲೆ 2, 3, 3, 2, 1. ಒಟ್ಟು ಏರಿಕೆ 3 ಮೀಟರ್ ಆದರೆ ಮೊದಲ ಗಂಟೆಯಲ್ಲಿ 25 ಸೆಂ.ಮೀ. ಮಾತ್ರ. ಮೂರನೇ ಗಂಟೆಯೊಂದರಲ್ಲೇ 75, ನಾಲ್ಕನೆಯದರಲ್ಲಿ ಮತ್ತೆ 75. ಮೊದಲ ಗಂಟೆ ನೋಡಿ "ನೀರು ನಿಧಾನವಾಗಿ ಬರುತ್ತಿದೆ" ಎಂದುಕೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇದು ಅಂದಾಜಿನ ಸೂತ್ರ ಅಷ್ಟೇ. ಅಳಿವೆ, ಕೊಲ್ಲಿಗಳಲ್ಲಿ ನೀರು ಇದಕ್ಕಿಂತ ಬೇಗ ನುಗ್ಗಬಹುದು.

3. ದಾರಿಯನ್ನು ಹಗಲಲ್ಲಿ ನೋಡಿ, ಒಂದು ಹಾಳೆಯಲ್ಲಿ ಬರೆಯಿರಿ

ಇಡೀ ದಾರಿ ನೋಡಲು ಆಗದಿದ್ದರೂ ಕಷ್ಟದ ಜಾಗಗಳನ್ನು ಒಬ್ಬರಾದರೂ ಹಗಲಲ್ಲಿ ಹೋಗಿ ನೋಡಿರಬೇಕು, ಸಾಧ್ಯವಾದರೆ ಉಬ್ಬರದ ಹೊತ್ತಿನಲ್ಲಿ. ಒಣಗಿದ ಕಸದ ಸಾಲು ಎಲ್ಲಿಯವರೆಗೆ ಇದೆ, ಬಂಡೆಯ ಮೇಲೆ ಪಾಚಿಯ ಗೆರೆ ಎಷ್ಟು ಎತ್ತರದಲ್ಲಿದೆ ನೋಡಿ. ನೀರು ಅಲ್ಲಿಯವರೆಗೆ ಬರುತ್ತದೆ ಎಂದೇ ಅರ್ಥ. ದಂಡೆಯಿಂದ ಮೇಲೆ ಹತ್ತಲು ಕಾಲುದಾರಿ, ಮೆಟ್ಟಿಲು ಎಲ್ಲೆಲ್ಲಿವೆ, ವಾಹನ ಬರುವ ರಸ್ತೆ ಎಲ್ಲಿ ಹತ್ತಿರವಾಗುತ್ತದೆ, ಕುಡಿಯುವ ನೀರು ಎಲ್ಲಿದೆ, ಇಷ್ಟನ್ನೂ ಗುರುತು ಹಾಕಿಕೊಳ್ಳಿ. ರಾತ್ರಿ ಪ್ರವೇಶವಿಲ್ಲದ ಭಾಗ, ಅನುಮತಿ ಬೇಕಾದ ಭಾಗ, ಹಕ್ಕಿ ಅಥವಾ ಆಮೆ ಮೊಟ್ಟೆಯಿಡುವ ದಂಡೆ ಇದ್ದರೆ ಈಗಲೇ ತಿಳಿಯಬೇಕು. ಆಮೆ ಬರುವ ಕಾಲದಲ್ಲಿ ಆ ದಂಡೆಯನ್ನು ಬಿಟ್ಟುಬಿಡಿ. ಬಿಳಿ ಬೆಳಕು ಅವುಗಳ ದಿಕ್ಕು ತಪ್ಪಿಸುತ್ತದೆ.

ಹಾಳೆಯಲ್ಲಿ ಇವಿಷ್ಟು ಇರಲಿ: ಎಲ್ಲರ ಹೆಸರು ಮತ್ತು ಫೋನ್, ಯಾರಿಗಾದರೂ ಅಲರ್ಜಿ ಅಥವಾ ಕಾಯಿಲೆ ಇದ್ದರೆ ಅದು, ಪ್ರತಿ ಗುರುತಿನ ಜಾಗಕ್ಕೆ ತಲುಪುವ ಹೊತ್ತು, ದಾರಿಯಿಂದ ಹೊರಬರುವ ಜಾಗಗಳು, ಬಾಗಿಲು ಮುಚ್ಚುವ ಹೊತ್ತು, ಆ ಪ್ರದೇಶದ ತುರ್ತು ಸಂಖ್ಯೆ ಮತ್ತು ಕರಾವಳಿ ರಕ್ಷಣಾ ಸಂಖ್ಯೆ. ಒಂದು ಪ್ರತಿ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ನಿಮ್ಮ ಬಳಿ ಇಟ್ಟುಕೊಳ್ಳಿ. ಇನ್ನೊಂದನ್ನು ಓಟಕ್ಕೆ ಬರದ ಒಬ್ಬರ ಬಳಿ ಬಿಡಿ. ಅವರಿಗೆ ಒಂದೇ ಮಾತು ಹೇಳಿ: "ಇಷ್ಟು ಗಂಟೆಯೊಳಗೆ ನಮ್ಮಿಂದ ಫೋನ್ ಬರದಿದ್ದರೆ ಈ ಸಂಖ್ಯೆಗೆ ಕರೆ ಮಾಡು." ಹೊತ್ತು ಹೇಳದೆ "ತಡವಾದರೆ ನೋಡ್ಕೋ" ಅಂದರೆ ಅವರು ಮಧ್ಯಾಹ್ನದವರೆಗೂ ಕಾಯುತ್ತಾರೆ.

4. ಗುಂಪು ಕಟ್ಟಿ, ಕೆಲಸ ಹಂಚಿ

ನಾಲ್ಕರಿಂದ ಆರು ಜನ ಸರಿಯಾದ ಗಾತ್ರ. ನಾಲ್ಕಕ್ಕಿಂತ ಕಡಿಮೆ ಬೇಡ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಅವರ ಜೊತೆ ಕೂರಬೇಕು, ಇಬ್ಬರು ಸೇರಿ ಸಹಾಯಕ್ಕೆ ಹೋಗಬೇಕು. ಎಂಟು ಹತ್ತು ಜನರಾದರೆ ಪ್ರತಿ ಸಲ ನಿಂತಾಗಲೂ ಕಾಲು ಗಂಟೆ ಹೋಗುತ್ತದೆ. ಅಷ್ಟು ಜನ ಇದ್ದರೆ ಎರಡು ಗುಂಪು ಮಾಡಿ, ಎರಡಕ್ಕೂ ಬೇರೆ ಬೇರೆ ಮುಂದಾಳು ಇರಲಿ.

ಮುಂದಾಳು ಎಂದರೆ ಅತಿ ವೇಗದವರಲ್ಲ. ದಾರಿ ಗೊತ್ತಿರುವವರು, "ವಾಪಸ್ ಹೋಗೋಣ" ಎನ್ನಲು ಮುಜುಗರ ಪಡದವರು. ಅವರು ಹೇಳಿದ್ದಕ್ಕೆ ಆ ರಾತ್ರಿ ಮರುಮಾತಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ. ಸಾಲಿನ ಕೊನೆಗೆ ಗಟ್ಟಿಯಾದ ಒಬ್ಬರು ಇರಲಿ, ಅವರನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ. ಗುಂಪಿನಲ್ಲಿ ಅತಿ ವೇಗದ ಓಟಗಾರರಿಗೆ ಈ ಕೊನೆಯ ಜಾಗ ಕೊಟ್ಟು ನೋಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಉಳಿದವರು ಇಬ್ಬಿಬ್ಬರ ಜೋಡಿ. ನಿಮ್ಮ ಜೋಡಿ ತಿಂದರಾ, ಕುಡಿದರಾ, ಮಾತು ಸರಿಯಿದೆಯಾ ಎಂದು ನೋಡುವುದು ನಿಮ್ಮ ಕೆಲಸ.

ಇನ್ನು ಕರಾರುಗಳು. ಮುಂದಿನವರ ದೀಪ ಹಿಂದಿನವರಿಗೆ ಸದಾ ಕಾಣಬೇಕು. ಕವಲು, ಬೇಲಿ, ಹಳ್ಳ ಸಿಕ್ಕಲ್ಲೆಲ್ಲ ಎಲ್ಲರೂ ಸೇರಬೇಕು. ಸೇರಿದಾಗ ಒಂದು, ಎರಡು, ಮೂರು ಎಂದು ಬಾಯಿಬಿಟ್ಟು ಎಣಿಕೆ ಹೇಳಬೇಕು. ಕಣ್ಣಲ್ಲಿ ಎಣಿಸಿದರೆ ಕತ್ತಲಲ್ಲಿ ಒಂದೇ ದೀಪವನ್ನು ಎರಡು ಸಲ ಎಣಿಸುತ್ತೀರಿ. ಮೂತ್ರಕ್ಕೆ ನಿಂತರೂ ಹೇಳಿ ನಿಲ್ಲಬೇಕು. ಹಿಂದಿದ್ದವರು ಬಂದು ಸೇರಿದ ಕೂಡಲೇ ಮುಂದಿದ್ದವರು ಹೊರಟುಬಿಡಬಾರದು. ಹಾಗೆ ಮಾಡಿದರೆ ಹೆಚ್ಚು ದಣಿದವರಿಗೇ ವಿಶ್ರಾಂತಿ ಇಲ್ಲದಂತಾಗುತ್ತದೆ.

5. ಸಾಮಾನು: ಬೆಳಕಿಗೆ ಹೆಚ್ಚು ಗಮನ, ಉಳಿದದ್ದಕ್ಕೆ ಸಾಕಷ್ಟು

ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಪ್ರತಿಯೊಬ್ಬರಿಗೂ ಬೇಕು. ಜೊತೆಗೆ ಕೈಯಲ್ಲಿ ಹಿಡಿಯುವ ಚಿಕ್ಕ ಟಾರ್ಚ್ ಇರಲಿ. ಟ್ರೇಲ್‌ಗೆ 200ರಿಂದ 400 ಲ್ಯೂಮೆನ್ (ಬೆಳಕಿನ ಅಳತೆ) ಸಾಕು. ಡಬ್ಬದ ಮೇಲೆ ಬರೆದಿರುವ ಗಂಟೆಗಳನ್ನು ನಂಬಬೇಡಿ. ಸಾಮಾನ್ಯವಾಗಿ ಅದು ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಲೆಕ್ಕ. ಅಷ್ಟು ಬೆಳಕಲ್ಲಿ ನೀವು ಓಡುವುದಿರಲಿ, ಬಂಡೆ ಮೇಲೆ ನಡೆಯಲೂ ಆಗದು. ಮನೆಯಲ್ಲಿ ಒಂದು ಸಂಜೆ ಓಟಕ್ಕೆ ಬೇಕಾಗುವ ಮಟ್ಟದಲ್ಲಿ ಹಚ್ಚಿಟ್ಟು ಎಷ್ಟು ಹೊತ್ತು ಉರಿಯುತ್ತದೆ ನೋಡಿ. ಚಳಿಯಲ್ಲಿ ಬ್ಯಾಟರಿ ಇನ್ನೂ ಬೇಗ ಖಾಲಿಯಾಗುತ್ತದೆ. ಬದಲಿ ಬ್ಯಾಟರಿ ಮೈಗೆ ಅಂಟಿದ ಜೇಬಿನಲ್ಲಿರಲಿ. ಕತ್ತಲಲ್ಲಿ ಬ್ಯಾಟರಿ ಬದಲಿಸುವುದನ್ನು ಕಣ್ಣು ಮುಚ್ಚಿ ಅಭ್ಯಾಸ ಮಾಡಿ.

ಕಡಲ ಮಂಜು ಬಂದಾಗ ಹಣೆಯ ದೀಪ ಎದುರಿಗೆ ಬಿಳಿ ಗೋಡೆ ಕಟ್ಟುತ್ತದೆ. ಮಂಜಿನ ಹನಿಗಳಿಗೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸ್ಸಾಗುತ್ತದೆ. ಪ್ರಕಾಶ ಹೆಚ್ಚಿಸಿದಷ್ಟೂ ಗೋಡೆ ಗಟ್ಟಿ. ಹೆಡ್‌ಲ್ಯಾಂಪ್ ಬಿಚ್ಚಿ ಸೊಂಟದ ಮಟ್ಟಕ್ಕೆ ಹಿಡಿಯಿರಿ ಅಥವಾ ಬೆಲ್ಟಿಗೆ ಕಟ್ಟಿ, ಬೆಳಕನ್ನು ಕಡಿಮೆ ಮಾಡಿ. ಆಗ ನೆಲದ ಉಬ್ಬುತಗ್ಗಿನ ನೆರಳು ಕಾಣಿಸಲು ಶುರುವಾಗುತ್ತದೆ. ದೀಪವನ್ನು ಕಡಲ ಕಡೆಗೆ ಬೀಸಿ ಆಟ ಆಡಬೇಡಿ. ದೋಣಿಯವರು ಅಪಾಯದ ಸೂಚನೆ ಎಂದುಕೊಳ್ಳುತ್ತಾರೆ.

ದಾರಿಯ ಜಿಪಿಎಕ್ಸ್ ಫೈಲ್ (ಜಿಪಿಎಸ್ ಓದಬಲ್ಲ ದಾರಿಯ ಗೆರೆ) ಕನಿಷ್ಠ ಇಬ್ಬರ ಗಡಿಯಾರದಲ್ಲಿ ಅಥವಾ ಫೋನಿನಲ್ಲಿ ಇರಲಿ, ಆಫ್‌ಲೈನ್ ನಕ್ಷೆ ಎಲ್ಲರ ಫೋನಿನಲ್ಲಿರಲಿ, ಕಾಗದದ ನಕ್ಷೆ ಒಂದು ಇರಲಿ. ಒದ್ದೆ ಬೆರಳಿಗೆ ಫೋನಿನ ಪರದೆ ಓಗೊಡುವುದಿಲ್ಲ ಎನ್ನುವುದು ನೆನಪಿರಲಿ. ಫೋನನ್ನು ನೀರು ಹೋಗದ ಚೀಲದಲ್ಲಿ, ಏರೋಪ್ಲೇನ್ ಮೋಡ್‌ನಲ್ಲಿ ಇಡಿ. ಒಂದು ಪವರ್ ಬ್ಯಾಂಕ್, ಅದಕ್ಕೆ ಸರಿಹೊಂದುವ ಕೇಬಲ್. ಕೇಬಲ್ ಮರೆಯುವವರೇ ಜಾಸ್ತಿ.

ಪ್ರತಿಯೊಬ್ಬರ ಬೆನ್ನಚೀಲದಲ್ಲಿ: ಗಾಳಿ-ಮಳೆ ತಡೆಯುವ ಜಾಕೆಟ್, ಬೆಚ್ಚಗಿನ ಒಂದು ಅಂಗಿ, ಟೊಪ್ಪಿ, ಕೈಗವಸು, ತುರ್ತು ಹೊದಿಕೆ (ಮೈ ಬಿಸಿ ಉಳಿಸುವ ತೆಳು ಹಾಳೆ), ಸೀಟಿ, ಒಣ ಸಾಕ್ಸ್. ಗುಂಪಿಗೆ ಒಂದು ಪ್ರಥಮ ಚಿಕಿತ್ಸೆಯ ಚೀಲ, ಅದರಲ್ಲಿ ಟೇಪು ಮತ್ತು ಕ್ರೇಪ್ ಬ್ಯಾಂಡೇಜ್. ಶೂಗೆ ಒದ್ದೆ ಕಲ್ಲಿನ ಮೇಲೆ ಹಿಡಿತ ಇದ್ದರಾಯಿತು. ಮರಳು ಒಳಗೆ ಹೋಗದಂತೆ ಗೈಟರ್ (ಶೂ ಬಾಯಿ ಮುಚ್ಚುವ ಬಟ್ಟೆಯ ಕವಚ) ಹಾಕಿ. ತೊಡೆ, ಕಂಕುಳು, ಚೀಲದ ಪಟ್ಟಿ ಉಜ್ಜುವ ಜಾಗಕ್ಕೆ ಹೊರಡುವ ಮೊದಲೇ ಜಿಡ್ಡು ಹಚ್ಚಿ. ಕಡಲ ಹನಿ ಒಣಗಿ ಉಪ್ಪಿನ ಹರಳಾದರೆ ಬಟ್ಟೆಯೇ ಮರಳುಕಾಗದದಂತೆ ಚರ್ಮ ಕೀಳುತ್ತದೆ.

6. ಓಟಕ್ಕೆ ಮುಂಚಿನ ವಾರಗಳು: ಒಂದು ಪುಟ್ಟ ರಿಹರ್ಸಲ್, ಸಾಕಷ್ಟು ನಿದ್ದೆ

ಎಲ್ಲರೂ ಒಟ್ಟಿಗೆ, ಪೂರ್ತಿ ಸಾಮಾನು ಹೊತ್ತು, ಕತ್ತಲಲ್ಲಿ ಎರಡು ಮೂರು ಗಂಟೆ ಓಡಿ. ಯಾರ ಚೀಲ ಉಜ್ಜುತ್ತದೆ, ಯಾರ ದೀಪ ಕಣ್ಣು ಕುಕ್ಕುತ್ತದೆ, ಯಾರು ಹೇಳದೆ ಮುಂದೆ ಹೋಗುತ್ತಾರೆ, ಎಲ್ಲ ಅಂದೇ ಗೊತ್ತಾಗುತ್ತದೆ. ಗುಂಪಿನ ನಿಜವಾದ ವೇಗವೂ ಅಂದೇ ಸಿಗುತ್ತದೆ. ಎರಡನೇ ಹಂತದ ಲೆಕ್ಕಕ್ಕೆ ಆ ವೇಗವನ್ನೇ ಹಾಕಿ. ಒಬ್ಬೊಬ್ಬರ ಹಗಲಿನ ವೇಗದ ಸರಾಸರಿ ಹಾಕಬೇಡಿ.

ಓಟಕ್ಕೆ ಮುಂಚಿನ ಮೂರು ನಾಲ್ಕು ರಾತ್ರಿ ಒಂದು ಗಂಟೆ ಜಾಸ್ತಿ ಮಲಗಿ. ಹೊರಡುವ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ, ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ ಬಿದ್ದುಕೊಂಡಿರಿ. ಇಡೀ ದಿನ ಆಫೀಸಿನಲ್ಲಿ ಕೂತು, ಗಾಡಿ ಓಡಿಸಿಕೊಂಡು ಬಂದು ನೇರ ಓಟಕ್ಕೆ ಇಳಿದವರು ಮೂರು ಗಂಟೆಯ ಹೊತ್ತಿಗೆ ಇಡೀ ಗುಂಪಿಗೆ ಭಾರವಾಗುತ್ತಾರೆ.

7. ಹೊರಟ ಮೇಲೆ ಮೊದಲ ಮೂರು ಗಂಟೆ

ತಂಪು ಗಾಳಿ, ಹೊಸ ಹುರುಪು, ಎಲ್ಲರೂ ಮಾತಾಡುತ್ತಿರುತ್ತಾರೆ. ವೇಗ ತಾನಾಗಿ ಏರುತ್ತದೆ. ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗದಲ್ಲಿ ಓಡಿ. ಗುಂಪಿನಲ್ಲಿ ಒಬ್ಬರು ಮಾತು ನಿಲ್ಲಿಸಿದರೆ ಅವರಿಗೆ ಈ ವೇಗ ಹೆಚ್ಚಾಗಿದೆ ಎಂದು ತಿಳಿಯಿರಿ. ಏರು ಸಿಕ್ಕಲ್ಲೆಲ್ಲ ನಡೆಯಿರಿ. ಅರ್ಧ ಗಂಟೆಗೊಮ್ಮೆ ಜೋಡಿಗಳು ಒಬ್ಬರನ್ನೊಬ್ಬರು ವಿಚಾರಿಸಲಿ.

ಕಾಲಿನಲ್ಲಿ ಎಲ್ಲಾದರೂ ಬಿಸಿ ಅನ್ನಿಸಿದ ಕೂಡಲೇ ನಿಂತು ಟೇಪು ಹಾಕಿ. ಇನ್ನೊಂದು ಕಿಲೋಮೀಟರ್ ನೋಡೋಣ ಅಂದರೆ ಅದು ಗುಳ್ಳೆಯಾಗುತ್ತದೆ. ಗುಳ್ಳೆಯಾದವರು ಕುಂಟುತ್ತಾರೆ, ಕುಂಟುವವರಿಗಾಗಿ ಐದು ಜನ ಚಳಿಯಲ್ಲಿ ನಿಲ್ಲುತ್ತಾರೆ. ನಿಮ್ಮ ಕಾಲು ಆ ರಾತ್ರಿ ನಿಮ್ಮೊಬ್ಬರದ್ದಲ್ಲ.

8. ಮರಳು, ಬಂಡೆ, ಅಳಿವೆ, ಅಂಚು

ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲದ ಸುಮಾರು 1.6 ಪಟ್ಟು ಶಕ್ತಿ ಬೇಕು. ನೀರು ಆಗಷ್ಟೇ ಬಿಟ್ಟುಹೋದ ಒದ್ದೆ ಮರಳಿನ ಪಟ್ಟಿ ಹುಡುಕಿ. ಹೆಜ್ಜೆ ಇಟ್ಟಾಗ ಪಾದದ ಸುತ್ತ ಮರಳು ಒಂದು ಕ್ಷಣ ಒಣಗಿದಂತೆ ಬೆಳ್ಳಗಾದರೆ ನೆಲ ಗಟ್ಟಿ. ಕಾಲಿಟ್ಟಲ್ಲಿ ನೀರು ಜಿನುಗಿ, ಮೇಲ್ಮೈ ತುಳುಕಿ ಕಾಲು ಒಳಕ್ಕೆ ಇಳಿದರೆ ಬೇರೆ ಸಾಲು ಹಿಡಿಯಿರಿ. ದಂಡೆ ಕಡಲಿನ ಕಡೆಗೆ ವಾಲಿದ್ದರೆ ಒಂದೇ ಮೊಣಕಾಲಿಗೆ, ಒಂದೇ ಪಕ್ಕದ ಸೊಂಟಕ್ಕೆ ಎಳೆತ ಬೀಳುತ್ತದೆ. ಸಾಧ್ಯವಾದಷ್ಟು ಸಮತಟ್ಟಾದ ಸಾಲಿನಲ್ಲೇ ಓಡಿ, ಮಧ್ಯೆ ಮಧ್ಯೆ ನಡೆಯಿರಿ.

ಒದ್ದೆ ಬಂಡೆಯ ಮೇಲೆ ಕಪ್ಪಗೆ ಅಥವಾ ಹಸಿರಾಗಿ ಹೊಳೆಯುವುದೆಲ್ಲ ಪಾಚಿ. ಅಲ್ಲಿ ಓಟ ಇಲ್ಲ, ನಡಿಗೆ ಮಾತ್ರ, ಬೇಕಾದರೆ ಕೂತುಕೊಂಡು ದಾಟಿ. ಕಡಲಿಗೆ ಬೆನ್ನು ತಿರುಗಿಸಿ ಯಾವತ್ತೂ ನಿಲ್ಲಬೇಡಿ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ಐದು ನಿಮಿಷ ಸಣ್ಣ ಅಲೆ ಬಂದು ಆಮೇಲೆ ಒಮ್ಮೆಲೇ ದೊಡ್ಡವು ಬರಬಹುದು. ಅಲೆ ತಾಗಬಹುದಾದ ಜಾಗ ದಾಟುವ ಮೊದಲು ಹತ್ತು ಹದಿನೈದು ನಿಮಿಷ ಮೇಲೆ ನಿಂತು ನೋಡಿ. ಕಲ್ಲು ಒದ್ದೆಯಾಗಿದೆ, ಆದರೆ ನೀವು ನೋಡಿದಷ್ಟು ಹೊತ್ತೂ ಅಲೆ ಅಲ್ಲಿಗೆ ಬಂದಿಲ್ಲ ಎಂದಾದರೆ, ಅದಕ್ಕಿಂತ ದೊಡ್ಡ ಅಲೆ ಇತ್ತೀಚೆಗೆ ಬಂದಿತ್ತು ಎಂದರ್ಥ.

ಅಳಿವೆಯನ್ನು ಇಳಿತದ ಆಸುಪಾಸಿನಲ್ಲಿ ಮಾತ್ರ ದಾಟಿ. ಇಳಿಯುವ ನೀರು ನದಿಯ ಹರಿವಿನ ಜೊತೆ ಸೇರಿ ಕಡಲ ಕಡೆಗೆ ಎಳೆಯುತ್ತದೆ, ಅದಕ್ಕೇ ಇಳಿತದ ತುದಿಯ ಶಾಂತ ಹೊತ್ತು ಬೇಕು. ಚೀಲದ ಎದೆ ಮತ್ತು ಸೊಂಟದ ಪಟ್ಟಿ ಬಿಚ್ಚಿ. ಶೂ ಬಿಚ್ಚಬೇಡಿ. ಒಬ್ಬರ ಭುಜ ಒಬ್ಬರು ಹಿಡಿದು, ಹರಿವಿಗೆ ಎದುರಾಗಿ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ ಇಡಿ. ಹರಿಯುವ ನೀರು ಮೊಣಕಾಲಿಗಿಂತ ಮೇಲೆ ಬಂದರೆ ವಾಪಸ್ ಬನ್ನಿ. ತಳ ಕಾಣದಿದ್ದರೆ ಇಳಿಯಲೇಬೇಡಿ. ಸೇತುವೆಯವರೆಗೆ ಬಳಸಿ ಹೋಗಿ, ಅದು ಐದು ಕಿ.ಮೀ. ದೂರವಿದ್ದರೂ ಸರಿ. ಹೂಳಿನಲ್ಲಿ ಕಾಲು ಹೂತರೆ ಕಿತ್ತುಕೊಳ್ಳಲು ಒದ್ದಾಡಬಾರದು. ಹಿಂದಕ್ಕೆ ವಾಲಿ ಕೂತು ಭಾರ ಹರಡಿ, ಕಾಲನ್ನು ಮೆಲ್ಲಗೆ ಅಲುಗಾಡಿಸುತ್ತಾ ಬಿಡಿಸಿ. ಉಳಿದವರು ಗಟ್ಟಿ ನೆಲದಿಂದಲೇ ಕೈ ಅಥವಾ ಚೀಲ ಚಾಚಲಿ.

ಮೇಲಿನ ಅಂಚಿನ ದಾರಿಯಲ್ಲಿ ಸಾಲಾಗಿ, ಅಂಚಿನಿಂದ ಒಳಗೆ ಓಡಿ. ಕೆಳಗಿನ ಮಣ್ಣು ಕೊರೆದುಹೋಗಿ ಮೇಲೆ ಬರೀ ಹುಲ್ಲಿನ ಹೊದಿಕೆ ಉಳಿದಿರಬಹುದು. ಮಳೆ ಬಿದ್ದ ಮರುದಿನಗಳಲ್ಲಿ ಗೋಡೆಯ ಬುಡದಲ್ಲೂ ನಿಲ್ಲಬೇಡಿ. ಗುಡುಗು ಕೇಳಿದರೆ ಬಯಲು ದಂಡೆ, ಭೂಶಿರ ಎರಡನ್ನೂ ಬಿಟ್ಟು ಒಳನಾಡಿನ ಕಡೆಗೆ ಹೋಗಿ.

9. ತಿನ್ನುವುದು, ಕುಡಿಯುವುದು

ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್. ಮೊದಲ ಗಂಟೆಯಿಂದಲೇ ಶುರು ಮಾಡಿ. ಹಸಿವಾದ ಮೇಲೆ ತಿಂದರೆ ತಡ. ಸಿಹಿ ಮಾತ್ರ ಇಟ್ಟುಕೊಂಡವರಿಗೆ ನಡುರಾತ್ರಿಗೆ ಬಾಯಿ ಕೆಡುತ್ತದೆ, ಅರ್ಧದಷ್ಟು ಉಪ್ಪು-ಖಾರದ್ದು ಇರಲಿ. ಅಭ್ಯಾಸದಲ್ಲಿ ತಿಂದು ನೋಡದ್ದನ್ನು ಆ ರಾತ್ರಿ ತಿನ್ನಬೇಡಿ.

ನೀರು ಬಾಯಾರಿದಾಗ ಕುಡಿಯಿರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ ಎಂದು ಹೆದರಿ ಲೀಟರ್‌ಗಟ್ಟಲೆ ಸುರಿದುಕೊಳ್ಳುವುದೂ ಅಪಾಯವೇ. ರಕ್ತದ ಸೋಡಿಯಂ ತೆಳುವಾದರೆ ಬೆರಳು ಊದುತ್ತದೆ, ಹೊಟ್ಟೆ ತೊಳಸುತ್ತದೆ, ತಲೆ ಸಿಡಿಯುತ್ತದೆ, ಮಾತು ತಪ್ಪುತ್ತದೆ. ಉಂಗುರ ಅಥವಾ ಗಡಿಯಾರದ ಪಟ್ಟಿ ಬಿಗಿಯಾಗುತ್ತಿದ್ದರೆ ನೀರು ಕುಡಿಯುವುದನ್ನು ನಿಲ್ಲಿಸಿ. ಇದರ ಜೊತೆ ಗೊಂದಲ ಅಥವಾ ವಾಂತಿ ಇದ್ದರೆ ಸಹಾಯಕ್ಕೆ ಕರೆ ಮಾಡಿ. ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಓಡುವಾಗ ಬೇಡ, ಕಿಡ್ನಿಗೆ ಹೊಡೆತ.

10. ರಾತ್ರಿ ಎರಡರಿಂದ ನಸುಕಿನ ಐದರವರೆಗೆ

ಮೈಯ ಬಿಸಿ ಅತಿ ಕೆಳಗಿಳಿಯುವುದು ನಸುಕಿನ ನಾಲ್ಕು ಐದರ ಸುಮಾರಿಗೆ. ಬೆವರಿನ ಬಟ್ಟೆ, ಗಾಳಿ, ಖಾಲಿ ಹೊಟ್ಟೆ, ಎಲ್ಲ ಅದೇ ಹೊತ್ತಿಗೆ ಸೇರಿಕೊಳ್ಳುತ್ತವೆ. ಜಾಕೆಟ್ ಹಾಕಿಕೊಳ್ಳುವುದು ಚಳಿಯಾದ ಮೇಲಲ್ಲ, ನಿಂತ ಕೂಡಲೇ.

ಕಾಫಿ ಅಥವಾ ಕೆಫೀನ್ ಇರುವ ಜೆಲ್ ಕೆಲಸ ಶುರು ಮಾಡಲು ಅರ್ಧ ಗಂಟೆ ಮೇಲೆ ಬೇಕು. ಸಂಜೆಯೆಲ್ಲ ಸುಮ್ನೆ ಕುಡಿದು ಮುಗಿಸಬೇಡಿ, ಒಂದೂವರೆ ಎರಡರ ಹೊತ್ತಿಗೆ ಇಟ್ಟುಕೊಳ್ಳಿ. ಒಬ್ಬರು ಓಡುತ್ತಲೇ ತೂಕಡಿಸುತ್ತಿದ್ದರೆ ಎಲ್ಲರೂ ಗಾಳಿ ತಪ್ಪಿದ, ನೀರು ತಲುಪದ ಎತ್ತರದ ಜಾಗದಲ್ಲಿ ಕೂತು ಅವರನ್ನು ಹೊದಿಕೆಯೊಳಗೆ 15-20 ನಿಮಿಷ ಮಲಗಿಸಿ. ಒಬ್ಬರು ಎಚ್ಚರವಿದ್ದು ಅಲಾರಂ ಇಟ್ಟುಕೊಳ್ಳಲಿ. ಎದ್ದ ಮೇಲೆ ಮೊದಲ ಹತ್ತು ನಿಮಿಷ ನಡಿಗೆ, ಆಮೇಲೆ ಓಟ. ಕಲ್ಲು ಮನುಷ್ಯನಂತೆ, ಪೊದೆ ನಾಯಿಯಂತೆ ಕಂಡರೆ ಗಾಬರಿ ಬೇಡ, ನಿದ್ದೆ ಕಡಿಮೆಯಾದಾಗ ಆಗುವುದೇ ಹಾಗೆ. ಆದರೆ ಹೇಳಿಕೊಳ್ಳಿ. ಹೇಳಿದವರನ್ನು ಸಾಲಿನ ನಡುವೆ ಹಾಕಿ.

11. ನಿಲ್ಲಿಸಬೇಕಾದ ಸೂಚನೆಗಳು

ಮೈ ತಣ್ಣಗಾಗುತ್ತಿರುವವರಿಗೆ ತಮಗೆ ಹಾಗಾಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಜೋಡಿಯೇ ನೋಡಬೇಕು. ಒಂದು ಸುಲಭದ ಪರೀಕ್ಷೆ: ಚೀಲದ ಜಿಪ್ ತೆಗೆದು ಏನಾದರೂ ತಿನ್ನಲು ಹೇಳಿ. ಬೆರಳು ಜಿಪ್ಪಿನ ತುದಿ ಹುಡುಕುತ್ತಲೇ ಇರುತ್ತದೆ, ಸಿಗುವುದಿಲ್ಲ, "ಆಮೇಲೆ ತಿಂತೀನಿ ಬಿಡು" ಎಂದು ಗೊಣಗುತ್ತಾರೆ. ಎಡವುವುದು, ತೊದಲುವುದು, ಕೈ ತಡವರಿಸುವುದು, ಕಾರಣವಿಲ್ಲದ ಸಿಡುಕು, ಇವುಗಳಲ್ಲಿ ಎರಡು ಕಂಡರೂ ಓಟ ಅಲ್ಲಿಗೆ ಮುಗಿಯಿತು. ಒದ್ದೆ ಬಟ್ಟೆ ತೆಗೆದು ಒಣ ಅಂಗಿ, ಜಾಕೆಟ್, ಟೊಪ್ಪಿ, ಹೊದಿಕೆ ಹಾಕಿ, ನೆಲಕ್ಕೂ ಮೈಗೂ ನಡುವೆ ಚೀಲ ಹಾಸಿ, ಸಿಹಿ ಕೊಡಿ, ಹತ್ತಿರದ ಹೊರದಾರಿ ಹಿಡಿಯಿರಿ. ನಡುಗುತ್ತಿದ್ದವರು ಬೆಚ್ಚಗಾಗದೆ ನಡುಗುವುದನ್ನು ನಿಲ್ಲಿಸಿದರೆ ಅದು ಸುಧಾರಣೆಯಲ್ಲ, ತುರ್ತು ಸ್ಥಿತಿ. ಅವರನ್ನು ನಡೆಸಬೇಡಿ, ಸಹಾಯ ಕರೆಯಿರಿ.

ಇನ್ನು ಕೆಲವು ಗುಂಪಿನ ಸೂಚನೆಗಳು: ವೇಳಾಪಟ್ಟಿಗಿಂತ ಮುಕ್ಕಾಲು ಗಂಟೆ ಹಿಂದೆ ಬಿದ್ದಿದ್ದೀರಿ. ಒಂದಕ್ಕಿಂತ ಹೆಚ್ಚು ದೀಪ ಕೆಟ್ಟಿದೆ. ಎರಡು ಸಲ ಎಣಿಕೆ ತಪ್ಪಿದೆ. ಯಾರೂ ಮಾತಾಡುತ್ತಿಲ್ಲ. ಇವುಗಳಲ್ಲಿ ಒಂದು ಕಂಡರೆ ಮುಂದಿನ ಹೊರದಾರಿಯಲ್ಲಿ ನಿಂತು ಯೋಚಿಸಿ, ಎರಡು ಕಂಡರೆ ಹೊರಗೆ ಬನ್ನಿ. ಒಬ್ಬರು ಬಿಟ್ಟರೆ ಅವರನ್ನು ಒಂಟಿಯಾಗಿ ರಸ್ತೆಗೆ ಕಳಿಸಬೇಡಿ. ಅವರ ಜೋಡಿ ಜೊತೆಗೆ ಹೋಗಲಿ. ಉಳಿದವರು ನಾಲ್ಕಕ್ಕಿಂತ ಕಡಿಮೆಯಾದರೆ ಎಲ್ಲರ ಓಟವೂ ಮುಗಿಯಿತು.

ಪೆಟ್ಟಾದರೆ ಮೊದಲು ನೀರು ಬರದ ಎತ್ತರಕ್ಕೆ ಸಾಗಿಸಿ. ಆಮೇಲೆ ಫೋನ್. ಜಿಪಿಎಸ್ ಅಂಕಿಗಳನ್ನು ಓದಿ ಹೇಳಿ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಅದನ್ನೂ ಹೇಳಿ. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ. ಆದರೂ ಅವರು ತಲುಪುವವರೆಗೆ ಊದುತ್ತಿರಿ.

12. ಮುಗಿದ ಮೇಲೆ

ಓಟ ಮುಗಿದ ಹತ್ತು ನಿಮಿಷದಲ್ಲಿ ಮೈ ತಣ್ಣಗಾಗುತ್ತದೆ. ಫೋಟೋಗೆ ಮುಂಚೆ ಒಣ ಬಟ್ಟೆ. ಶೂ, ಸಾಕ್ಸ್ ತೆಗೆದು ಕಾಲಿಗೆ ಗಾಳಿಯಾಡಲು ಬಿಡಿ. ಬೆಳ್ಳಗೆ ಸುಕ್ಕಾದ ಚರ್ಮವನ್ನು ಉಜ್ಜಬೇಡಿ, ಒತ್ತಿ ಒರೆಸಿ.

ಓಡಿದವರು ಯಾರೂ ಗಾಡಿ ಓಡಿಸಬಾರದು. 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ ರಕ್ತದಲ್ಲಿ 0.05% ಮದ್ಯ ಇರುವವರಷ್ಟೇ ನಿಧಾನ, 24 ಗಂಟೆಯಾದರೆ 0.10% ಇದ್ದವರಂತೆ. ಓಡದೆ ರಾತ್ರಿ ನಿದ್ದೆ ಮಾಡಿದ ಒಬ್ಬರು ಬೆಳಿಗ್ಗೆ ಗಾಡಿ ತರುವಂತೆ ಮೊದಲೇ ಗೊತ್ತುಮಾಡಿ. ಯಾರೂ ಸಿಗದಿದ್ದರೆ ಬಸ್ಸು, ರೈಲು. ಅದೂ ಇಲ್ಲದಿದ್ದರೆ ಅಲ್ಲೇ ಕೆಲವು ಗಂಟೆ ಮಲಗಿ ಹೊರಡಿ.

ಮಲಗುವ ಮೊದಲು ಹಾಳೆ ಇಟ್ಟುಕೊಂಡಿರುವವರಿಗೆ ಫೋನ್ ಮಾಡಿ, ಆರು ಜನರೂ ಬಂದಿದ್ದೇವೆ ಎಂದು ಎಣಿಸಿ ಹೇಳಿ. ಇದನ್ನು ಯಾರು ಮಾಡಬೇಕು ಎಂದು ಹೊರಡುವ ಮೊದಲೇ ಹೆಸರು ಗೊತ್ತುಮಾಡಿರಿ. ಇಲ್ಲದಿದ್ದರೆ ಪ್ರತಿಯೊಬ್ಬರೂ ಇನ್ನೊಬ್ಬರು ಮಾಡಿದ್ದಾರೆ ಅಂದುಕೊಂಡು ನಿದ್ದೆ ಹೋಗುತ್ತಾರೆ, ನೀವು ಗೊರಕೆ ಹೊಡೆಯುವ ಹೊತ್ತಿಗೆ ರಕ್ಷಣಾ ದೋಣಿ ನಿಮ್ಮನ್ನು ಹುಡುಕುತ್ತಿರುತ್ತದೆ.